ಖಾಲಿ ಮನೆಗೆ ಸೊನ್ನೆ ಬರೆಯಬೇಡ

ಕಿಸುಮು ದಾಟಿ, ಕೊಲ್ಲಿ ಮೊಣಕೈ ಮಡಚುವಲ್ಲಿ
ತೇಲುತ್ತದೆ ಒಂದು ಹಳದಿ ಬುಡ್ಡೆ.
ತಲೆಯ ಮೇಲೆ ಅಂಗೈಯಗಲದ ಸೋಲಾರ್ ಹಲಗೆ,
ಹೊಟ್ಟೆಯಡಿ ನೀರಿನ ಉಸಿರೆಣಿಸುವ ಕಡ್ಡಿ.
ಹತ್ತು ನಿಮಿಷಕ್ಕೊಂದು ಅಂಕಿ.
ಅಂಕಿಗೆ ಬೀಗವಿಲ್ಲ, ಬೇಕಾದವರು ಇಳಿಸಿಕೊಳ್ಳಬಹುದು:
ನೈರೋಬಿಯ ಸಾಹೇಬರು, ಓಸ್ಲೋದ ಯಾರೋ ವಿದ್ಯಾರ್ಥಿ,
ಇದೇ ದಡದ ಶಾಲೆಯ ಲೆಕ್ಕದ ಮೇಡಂ, ಅವಿನೋ.

ಇಲ್ಲಿನ ಮೀನಿಗೆ ಙೇಗೆ ಅನ್ನುತ್ತಾರೆ.
ನಮ್ಮ ವರ್ಣಮಾಲೆಯಲ್ಲಿ ಕೆಲಸವಿಲ್ಲದೆ ಕೂತ ಅಕ್ಷರಕ್ಕೆ
ಇಷ್ಟು ದೂರ ಬಂದ ಮೇಲೆ ಒಂದು ನೌಕರಿ ಸಿಕ್ಕಿತು.

ಪಂಜರದ ಬಲೆಯಲ್ಲಿ ಸಾವಿರಾರು ಙೇಗೆ
ಸಂಜೆ ಮೇವಿಗೆ ಮುಗಿಬಿದ್ದವು. ಬೆಳಿಗ್ಗೆ
ಹೊಟ್ಟೆ ಮೇಲಾಗಿ, ಬಿಳಿ ಬಿಳಿ,
ಒಗೆದು ಹಿಂಡದೆ ಬಿಟ್ಟ ಬಟ್ಟೆಯ ಹಾಗೆ.
ಮೂರು ತಿಂಗಳಲ್ಲಿ ಇದು ನಾಲ್ಕನೆಯ ಸಲ.
ವಿಷ ಅಂದರು. ಪಕ್ಕದ ಪಂಜರದವನ ಹೆಸರು ಹಿಡಿದರು.
ಅವನ ದೋಣಿ ಸುಟ್ಟರು.
ಕಚೇರಿಯವರು ಬಂದು ಫೈಲು ತೆರೆದರು:
ಆಮ್ಲಜನಕ, ಸರಾಸರಿ, ಲೀಟರಿಗೆ ಆರೂವರೆ ಮಿಲಿಗ್ರಾಂ.
ನೀರು ಆರೋಗ್ಯವಾಗಿದೆ.
ದಡದಲ್ಲಿ ರಾಶಿ ಹಾಕಿದ ಮೀನು ಅದನ್ನು ಕೇಳಿಸಿಕೊಂಡವು.

ಅವಿನೋ ಪ್ರತಿ ವರ್ಷ ಮಕ್ಕಳಿಗೆ ಕೇಳುತ್ತಾಳೆ:
ದೋಣಿಯಲ್ಲಿ ಇಬ್ಬರು, ಒಬ್ಬ ಉಂಡವನು, ಒಬ್ಬ ಉಪವಾಸಿ,
ಸರಾಸರಿ ಅರ್ಧ ಹೊಟ್ಟೆ.
ಹಾಗಾದರೆ ಆ ಅರ್ಧ ಉಂಡವನು ಯಾರು, ಎದ್ದು ನಿಲ್ಲಲಿ.

ಸೈಬರ್ ಅಂಗಡಿಯಲ್ಲಿ ಪುಟಕ್ಕೆ ಹತ್ತು ಶಿಲಿಂಗ್ ಕೊಟ್ಟು
ಆರು ತಿಂಗಳ ಕೋಷ್ಟಕ ಅಚ್ಚು ಹಾಕಿಸಿ
ಚಾಪೆಯ ಬದಲು ನೆಲಕ್ಕೆ ಹಾಸಿದಳು.
ಅಂಕಿಗಳ ಮೇಲಲ್ಲ, ಕಣ್ಣು ನಿಂತಿದ್ದು
ಅಂಕಿ ಇಲ್ಲದ ಮನೆಗಳ ಮೇಲೆ.
ಹಳೆಯ ಬ್ಯಾಟರಿ. ರಾತ್ರಿ ಒಂದರ ಸುಮಾರಿಗೆ ಬುಡ್ಡೆ ಕಣ್ಣು ಮುಚ್ಚುತ್ತದೆ,
ಬಿಸಿಲು ತಾಗಿ ಏಳಕ್ಕೆ ತೆರೆಯುತ್ತದೆ.
ಹಗಲೆಲ್ಲ ಬಿಸಿಲುಂಡು ನೀರಿಗೆ ಉಸಿರು ಕೊಡುವ ಪಾಚಿ
ಇರುಳು ಅದನ್ನು ವಸೂಲಿ ಮಾಡುತ್ತದೆ, ಬಡ್ಡಿ ಸಮೇತ.
ವಸೂಲಿಯ ಹೊತ್ತಿಗೆ ಸಾಕ್ಷಿಗೆ ನಿದ್ದೆ.
ಹಗಲು ಕಂಡ ಬಾವಿಗೆ ಇರುಳು ಬೀಳುವವರನ್ನು ಬಲ್ಲೆವು.
ಇಲ್ಲಿ ಬಿದ್ದವರು ಮೀನು, ಹಗಲಷ್ಟೇ ಕಂಡದ್ದು ಯಂತ್ರ.

ಆ ಮನೆಗಳಲ್ಲಿ ಸೊನ್ನೆ ತುಂಬಲೇ ಅಂದ ಒಬ್ಬ ಹುಡುಗ.
ಬೇಡ ಅಂದಳು. ಸೊನ್ನೆ ಅಂದರೆ ಯಾರೋ ಎಣಿಸಿದ್ದಾರೆ,
ಏನೂ ಸಿಗಲಿಲ್ಲ.
ಇದು ಬರೀ ಖಾಲಿ. ಎಣಿಸಲು ಯಾರೂ ಇರಲಿಲ್ಲ.

ಇದ್ದ.
ಒಡುವೋರ್, ಪಂಜರದ ಕಾವಲುಗಾರ,
ನಡುರಾತ್ರಿ ಕಳೆದು ಹುಟ್ಟಿದವನೆಂದೇ ಆ ಹೆಸರು.
ಮಲಗಿದರೆ ಸಂಬಳ ಕಟ್ಟು; ಎಚ್ಚರಿದ್ದದ್ದಕ್ಕೆ ಪುರಾವೆ
ಗಂಟೆಗೊಂದು ಸಾಲು ಬರೆಯಬೇಕು.
ನೆನೆದು ಉಬ್ಬಿದ ನೋಟುಪುಸ್ತಕ, ಸೀಮೆಎಣ್ಣೆಯ ವಾಸನೆ:
ಎರಡು ಗಂಟೆ. ಗಾಳಿ ಇಲ್ಲ. ಮೀನು ಮೇಲೆ ಬಂದಿವೆ, ಬಾಯಿ ತೆರೆದಿವೆ.
ಮೂರು ಗಂಟೆ. ಮಳೆ ಹನಿಯುವ ಸದ್ದು. ಮಳೆ ಇಲ್ಲ.
ನಾಲ್ಕು ಗಂಟೆ. ಸದ್ದು ನಿಂತಿದೆ.

ಯಾರೂ ಕೇಳಲಿಲ್ಲವಲ್ಲ, ಅಂದ.

ಬಾಯಿ ತೆರೆದ ರಾತ್ರಿಗಳು ಮೂವತ್ತೊಂದು.
ವಿಮಾನ ನಿಲ್ದಾಣದ ಗಾಳಿಯ ದಾಖಲೆ ತಂದಳು, ಅದೂ ಬೀಗವಿಲ್ಲದ್ದು,
ಉಪಗ್ರಹ ಕಂಡ ಹಸಿರು ತಂದಳು,
ಎಕ್ಸು ವೈಗಳನ್ನು ಒಡುವೋರನ ಲಾಟೀನಿನ ಹತ್ತಿರ ಕೂರಿಸಿದಳು.
ನೀರು ಹಸಿರಾಗಿ, ಹತ್ತರೊಳಗೆ ಗಾಳಿ ಬಿದ್ದರೆ
ಪಂಜರವನ್ನು ಆಳಕ್ಕೆ ಎಳೆಯಿರಿ.

ಮೊದಲ ಸಲ ಎಳೆದರು, ಏನೂ ಆಗಲಿಲ್ಲ.
ಪೆಟ್ರೋಲಿನ ಲೆಕ್ಕ ಹೇಳಿ ಬೈದರು.
ಎರಡನೆಯ ಸಲ ಅರ್ಧ ಜನ ಎಳೆದರು.
ಬೆಳಿಗ್ಗೆ ಉಳಿದರ್ಧ ಜನ ಸುಮ್ಮನೆ ದಡದಲ್ಲಿ ನಿಂತಿದ್ದರು.

ಈಗ ಕೋಷ್ಟಕಕ್ಕೆ ಹೊಸದೊಂದು ಕಾಲಂ, ಹೆಸರು 'ಬಾಯಿ'.
ಇದು ಯಾವ ಮಾನ, ಎಂದು ಓಸ್ಲೋದಿಂದ ಪತ್ರ.

ಸುಟ್ಟ ದೋಣಿಗೂ ಒಂದು ಸಾಲು ಎಳೆದಿದ್ದಾಳೆ ಅವಿನೋ,
ತಾರೀಕು, ದೋಣಿಯವನ ಹೆಸರು, ಎದುರಿಗೆ ಒಂದು ಮನೆ.
ಯಾರೂ ಇನ್ನೂ ಎಣಿಸಿಲ್ಲ.
ಸೊನ್ನೆ ಬರೆಯದೆ
ಹಾಗೇ ಬಿಟ್ಟಿದ್ದಾಳೆ.